ಹಲ್ಲಿನ ದೋಣಿಯ ಹಾಜರಿ

ಚಿಲೆ ದೇಶ ತೆಂಕಣಕ್ಕೆ ಚೂರುಚೂರಾಗಿ ಉದುರುವಲ್ಲಿ
ನಾಲ್ಕು ತಿಂಗಳಿಗೊಮ್ಮೆ ಅಪುಲಾವ್ ದ್ವೀಪಕ್ಕೆ ಬರುತ್ತದೆ ನಮ್ಮ ದೋಣಿ.
ಒಂದು ಕುರ್ಚಿ, ಒಂದು ದೀಪ, ಒಬ್ಬಳು ದಂತವೈದ್ಯೆ,
ಹಾಜರಿ ಬರೆಯಲು ನಾನು.

ಹೆಸರು, ವಯಸ್ಸು, ಹೆಣ್ಣೋ ಗಂಡೋ,
ಹಿಂದೆ ಬಂದದ್ದು ಯಾವಾಗ, ಈಗ ಬಂದದ್ದು ಯಾಕೆ:
ಹನ್ನೊಂದು ವರ್ಷದಿಂದ ಇವೇ ಕಾಲಂಗಳು.
ಇಳಿತದಲ್ಲಿ ದೋಣಿ ಕೆಸರಿಗೆ ಕೂರುತ್ತದೆ,
ಕುರ್ಚಿ ಎಡಕ್ಕೆ ವಾಲುತ್ತದೆ,
ಬಾಯಿ ತೆರೆದವರ ಜೊಲ್ಲೂ ಎಡಕ್ಕೇ.

ಮಕ್ಕಳು ಬರುತ್ತಾರೆ ಅನ್ನುವುದು ತಪ್ಪು,
ಟೀಚರು ಸಾಲು ಕಟ್ಟಿಸಿ ತರುತ್ತಾರೆ.
ಬೆಲಿಸಾರಿಯೊ, ಏಳು ವರ್ಷ,
ಬಿದ್ದ ಹಾಲುಹಲ್ಲನ್ನು ಬೆಂಕಿಪೆಟ್ಟಿಗೆಯಲ್ಲಿ ತಂದು
ಇದಕ್ಕೂ ಹುಳುಕಿದೆಯಾ ನೋಡಿ ಎಂದ.
ತನ್ನ ಬಾಯಿ ಮಾತ್ರ ತೆರೆಯಲೊಲ್ಲ.

ಹುಡುಗರು ಹದಿಮೂರಕ್ಕೆ ನಿಲ್ಲುತ್ತಾರೆ.
ಮೀಸೆ ಚಿಗುರಿದ ವಾರವೇ
ಅವರಿಗೆ ಹಲ್ಲುನೋವು ಬರುವುದು ನಿಂತುಹೋಗುತ್ತದೆ.
ಹುಡುಗಿಯರು ನಿಲ್ಲುವುದಿಲ್ಲ,
ಮುಂದಿನೆರಡು ಹಲ್ಲಿನ ನಡುವಿನ ಸಂದಿ ಕೇಳಲು
ದವಡೆ ನೋವಿನ ನೆಪ ಹೂಡಿ ಬರುತ್ತಾರೆ.

ಬಸುರಿಯರು, ನರ್ಸಮ್ಮನ ಚೀಟಿ ಹಿಡಿದು.
ಹೆತ್ತ ಮೇಲೆ ಅವರು ನನ್ನ ಪುಸ್ತಕದಲ್ಲಿ
ಬರೀ 'ಜೊತೆಗೆ ಬಂದವರು'.
ಎದೊವಿನಾ ಗೆಂತೆಯೊ, ಮೂವತ್ತೆಂಟು,
ಐದು ಮಕ್ಕಳ ಬಾಯಿ ತೋರಿಸಿದಳು, ಅತ್ತೆಯ ಬಾಯಿ ತೋರಿಸಿದಳು.
ನಿನ್ನದು? ಎಂದೆ.
ಮುಂದಿನ ದೋಣಿಗೆ, ಎಂದಳು, ನಗುವಿಗೆ ಅಂಗೈ ಅಡ್ಡ ಹಿಡಿದು.
ಇದು ಏಳನೆಯ 'ಮುಂದಿನ ದೋಣಿ'.

ಗಂಡಸರು?
ಸಾಲ್ಮನ್ ಬಲೆ ಎಳೆಯುವವರು, ತಣ್ಣೀರ ತಳಕ್ಕೆ ಮುಳುಗಿ ಚಿಪ್ಪು ಹೆಕ್ಕುವವರು,
ಹಲ್ಲು ಕಚ್ಚಿ ಸಹಿಸುವವರು,
ಕಚ್ಚಲು ಹಲ್ಲೇ ಇಲ್ಲವಾಗುವ ತನಕ.
ಬಂದರೆ ರಾತ್ರಿ ಬರುತ್ತಾರೆ, ಕೆನ್ನೆ ಬನ್ನಿನಂತೆ ಊದಿ.
ಉಳಿಸಬಹುದು ಅಂದರೆ, ಬೇಡ, ಕಿತ್ತುಬಿಡಿ.
ಹಿಂದೆ ಬಂದದ್ದು ಯಾವಾಗ? ನೆನಪಿಲ್ಲ.
ನೆನಪಿಲ್ಲ ನೆನಪಿಲ್ಲ ಎಂದು ಬರೆದೂ ಬರೆದೂ
ಆ ಒಂದು ಪದದಲ್ಲಿ ನನ್ನ ಅಕ್ಷರ ಮುತ್ತಾಗಿದೆ.

ಹೋದ ವರ್ಷ ಸಾಂತಿಯಾಗೊದಿಂದ ಕಾಗದ ಬಂತು:
ಉಳಿದ ದ್ವೀಪಗಳಲ್ಲಿ ಎಪ್ಪತ್ತು ದಾಟಿದ ಗಂಡಸರು ಸೊನ್ನೆ.
ಅಪುಲಾವ್‌ನಲ್ಲಿ ಮಾತ್ರ ವರ್ಷಕ್ಕೆ ಮೂರು ಭೇಟಿ, ತಪ್ಪದೆ.
ಯಾವ ಪ್ರಚಾರದಿಂದ ಸಾಧ್ಯವಾಯಿತು, ವಿವರಿಸಿ.

ಏನೆಂದು ವಿವರಿಸಲಿ.
ಗಂಡಸರಲ್ಲ, ಒಬ್ಬನೇ ಗಂಡಸು, ರೊಸಾಮೆಲ್ ಮಿಯಾಲೊಂಕೊ.
ಹೆಂಡತಿ ಒತಿಲಿಯಾಳನ್ನು ಹುಟ್ಟುಹಾಕಿ ಕರೆತಂದು
ತಾನು ಪುಟ್ಟ ದೋಣಿಯಲ್ಲೇ ನಮಗೆ ಬೆನ್ನು ಮಾಡಿ ಕೂರುತ್ತಿದ್ದ,
ಡ್ರಿಲ್ಲಿನ ಸದ್ದಿಗೆ ಟೋಪಿಯನ್ನು ಕಿವಿಗೆ ಎಳೆದುಕೊಂಡು.
ಅವಳು ಹೋದ ಚಳಿಗಾಲದ ಮೇಲಿನ ದೋಣಿಗೆ
ತಾನೇ ಹತ್ತಿ ಬಂದ.
ಕೋಟಿನ ಜೇಬಿನಿಂದ ಉಣ್ಣೆಯ ಕಾಲುಚೀಲ,
ಅದರೊಳಗಿಂದ ನಾವೇ ಕಟ್ಟಿಕೊಟ್ಟಿದ್ದ ಅವಳ ಹಲ್ಲುಸೆಟ್ಟು,
ಮೇಲಿನದು, ಕೆಳಗಿನದು.
ತೊಳೆದುಕೊಡಿ, ಎಂದ. ಅವಳು ತಪ್ಪಿಸುತ್ತಿರಲಿಲ್ಲ.

ವೈದ್ಯೆ ನನ್ನ ಕಡೆ ನೋಡಿದಳು, ನಾನು ಪುಸ್ತಕದ ಕಡೆ.
ಅವಳು ಉಜ್ಜಿದಳು, ಹೊಳಪು ಕೊಟ್ಟಳು,
ಬಾಯಿಯೊಳಗೆ ನೋಡುವಷ್ಟೇ ಹೊತ್ತು
ದೀಪಕ್ಕೆ ಹಿಡಿದು ನೋಡಿದಳು.
ಯಾರ ಹೆಸರು ಬರೆಯಲಿ? ಯಾರ ವಯಸ್ಸು?
ಬಂದವನದೇ ಬರೆದೆ: ಗಂಡು, ಎಪ್ಪತ್ಮೂರು. ಕಾರಣ, ಶುಚಿ.
ಅಂದಿನಿಂದ ಪ್ರತಿ ದೋಣಿಗೂ.

ಮೊನ್ನೆ ಹೊರಟವನನ್ನು ವೈದ್ಯೆ ತಡೆದಳು:
ಬಂದದ್ದೇ ಬಂದಿರಿ, ನಿಮ್ಮ ಬಾಯನ್ನೂ ಒಮ್ಮೆ...
ಅವನು ತುಟಿ ಬಿಗಿದ, ಥೇಟು ಬೆಲಿಸಾರಿಯೊ.
ಕಾಲುಚೀಲ ಜೇಬಿಗೆ ಹೋಯಿತು.
ಉಬ್ಬರ ಏರಿತ್ತು. ಹುಟ್ಟುಹಾಕುತ್ತ ಹೋದ,
ಏನೋ ಹೇಳುತ್ತಲೂ ಇದ್ದ, ಗಾಳಿ ನಮ್ಮ ಕಡೆಗಿರಲಿಲ್ಲ.

ಸಾಂತಿಯಾಗೊದ ಕಾಗದ ಡ್ರಾಯರಿನಲ್ಲೇ ಇದೆ.
ಉತ್ತರ,
ಮುಂದಿನ ದೋಣಿಗೆ.