ನಲವತ್ತೆಂಟರ ಆಚೆ

ಉದ್ಯಮಬಾಗದ ಶೆಡ್ಡಿನಲ್ಲಿ ನೂರು ಸೂಜಿಗಳ ಯಂತ್ರ.
ಅದು ತುಂಬಬೇಕಾದ ಎಣ್ಣೆಯನ್ನು ನಾವ್ಯಾರೂ ಕಂಡಿಲ್ಲ,
ಕಂಡರೆ ಜೈಲು.
ಕೆನಡಾದಿಂದ ಬಂದದ್ದು ಎರಡು ಹಾಳೆ ಮಾತ್ರ:
ಇಷ್ಟು ದಪ್ಪ, ಇಷ್ಟು ಅಂಟು,
ನಲವತ್ತೆಂಟು ಡಿಗ್ರಿ ದಾಟಿದರೆ ಮೊದಲು ವಾಸನೆ ಹೋಗುತ್ತದೆ,
ಆಮೇಲೆ ಬಣ್ಣ.
ಮಾಲೀಕರು ಅದಕ್ಕೆ ‘ಪ್ರಾಡಕ್ಟ್’ ಅನ್ನುತ್ತಾರೆ.
ಸಾವಂತ ಮಿಸ್ತ್ರಿ ಬಾಗಿಲು ಮುಂದೆ ಮಾಡಿ
‘ಗಾಂಜಾ’ ಅಂದ, ಒಂದೇ ಸಲ.

ಆ ಎಣ್ಣೆಯ ವೇಷ ಯಾರು ಹಾಕಬೇಕು?
ಹರಳೆಣ್ಣೆ ತೆಳುವಾಯಿತು. ಜೇನು ದುಬಾರಿ.
ಕಡೆಗೆ ಸಂಕೇಶ್ವರದ ಗಾಣದಿಂದ
ಐದು ಲೀಟರಿನ ಕ್ಯಾನಿನಲ್ಲಿ ಜೋನಿಬೆಲ್ಲ ತಂದೆ,
ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು.

ತಣ್ಣಗಿದ್ದರೆ ಸೂಜಿಯೊಳಗೇ ಹಟ ಹಿಡಿದು ಕೂರುತ್ತದೆ,
ಬಿಸಿ ಹೆಚ್ಚಾದರೆ ಗಾಜಿನ ತುಟಿ ದಾಟಿ ಹೊರಗೆ.
ನಡುವಿನ ಹದಕ್ಕೇ ನನಗೆ ಸಂಬಳ,
ಹದಿನಾರು ಸಾವಿರದ ಐನೂರು.

ಸೂಜಿ ಮೇಲೇಳುವಾಗ ಎಳೆ ಬರುತ್ತದೆ.
ಗೋಕಾಕದ ಕರದಂಟಿನ ಅಂಗಡಿಯಲ್ಲಿ
ಆರು ವರ್ಷ ಒಲೆ ಮುಂದೆ ಕೂತವಳು ನಾನು, ಸಾತವ್ವ.
(ಇಲ್ಲಿಯ ಕಾರ್ಡಿನ ಮೇಲೆ ಎಸ್. ಎಮ್. ಕೌಜಲಗಿ.)
ಒಂದೆಳೆ ಪಾಕ, ಎರಡೆಳೆ ಪಾಕ
ನನ್ನ ಬೆರಳಿಗೆ ಗಡಿಯಾರಕ್ಕಿಂತ ಖಾತ್ರಿ.
ಇಲ್ಲಿ ಎಳೆಯೇ ತಪ್ಪು.
ಹನಿ ಇಲ್ಲಿ, ಮಾತು ಮುಗಿಸಿದಂತೆ ಮುಗಿಯಬೇಕು
ಎಳೆ ಎಳೆಯದೆ.
ಪಂಪನ್ನು ಕೂದಲಿನಷ್ಟು ಹಿಂದಕ್ಕೆ ತಿರುಗಿಸಿದೆ.
ಹನಿ ಉಸಿರು ಒಳಗೆಳೆದುಕೊಂಡಿತು.

ಎಂಟನೆಯ ತಾಸಿಗೆ ತೊಟ್ಟಿಯ ಬೆಲ್ಲ ಕಪ್ಪಾಯಿತು.
ಮೊದಲ ಟ್ರೇ ಹೊಸ ಜೇನು,
ಕೊನೆಯದು ಸೋಸದ ಚಹಾ.
ವಿಡಿಯೋದಲ್ಲಿ ಕೆನಡಾದವ ತಲೆ ಅಲ್ಲಾಡಿಸಿದ.
ಸಾವಂತ ನಕ್ಕ: “ಸಾತವ್ವಾ, ಕುಂದಾ ಮಾಡೀದಿ ನೋಡ!”
ಹೌದು, ಕೆಂಪಾಗಲಿ ಎಂದೇ ಹಾಲು ಕಾಯಿಸುವ ಊರು ಇದು.
ಹಾಲಿಗೆ ಅದು ಕುಂದಾ.
ಇದಕ್ಕೆ ಕುಂದು.

ತಪ್ಪು ನನ್ನದು.
ಇಡೀ ತೊಟ್ಟಿಯನ್ನು ಇಡೀ ದಿನ ಬಿಸಿ ಇಟ್ಟಿದ್ದೆ,
ಬಾರದ ಬೀಗರಿಗಾಗಿ ಒಲೆ ಮೇಲೆ ಸಾರು ಇಟ್ಟ ಹಾಗೆ.
ಮರುದಿನ ತೊಟ್ಟಿ ಬರೀ ಉಗುರುಬೆಚ್ಚಗೆ,
ಸ್ವಲ್ಪ ಸ್ವಲ್ಪವೇ ಸುರಿದು,
ಸೂಜಿಯ ಬಾಯಿಗಷ್ಟೇ ನಲವತ್ತೆಂಟು,
ಅದೂ ಹನಿ ದಾಟುವ ಎರಡು ಸೆಕೆಂಡು.
ಅಂಟು ಹುರಿಯುವಾಗ ಕಲಿತದ್ದು ಇದು:
ಒಮ್ಮೆಗೆ ಒಂದು ಹಿಡಿ, ತುಪ್ಪಕ್ಕೆ ಹಾಕು, ಅರಳಿತೆ, ತೆಗೆ.
ವರದಿಯಲ್ಲಿ ಮಾಲೀಕರ ಮಗ ಬೇರೇನೋ ಬರೆದ.

ಗುರುವಾರ ಅರ್ಧ ದಿನ ರಜೆ. ಕಾರಣ: ಮನೆಗೆಲಸ.
ಜಿಲ್ಲಾ ಕೋರ್ಟಿನಲ್ಲಿ ಅಕ್ಕನ ಗಂಡ ಲಗಮಪ್ಪನ ತಾರೀಖು.
ಅರಿಸಿನದ ಸಾಲುಗಳ ನಡುವೆ ಹನ್ನೊಂದು ಗಿಡ.
ತಗಡಿನ ಮಾಲಖಾನೆಯಲ್ಲಿ ಎರಡು ಬೇಸಿಗೆ ಕಳೆದ ಗಂಟನ್ನು
ಮೇಜಿನ ಮೇಲೆ ಬಿಚ್ಚಿದರು.
ತೂಕ ಇಳಿದಿತ್ತು. ನಮ್ಮ ವಕೀಲ ಅದನ್ನೇ ಹಿಡಿದ.
“ಒಣಗೇದ್ರಿ ಸಾಹೇಬ್ರ” ಅಂದ ಪೊಲೀಸ.
ಹಿಂದಿನ ಬೆಂಚಿನಿಂದ ನಾನು ಮೂಗು ಮುಂದೆ ಚಾಚಿದೆ:
ಗೋಣಿಚೀಲ, ಹಳೆಯ ಮೇವು,
ಬೇರೇನೂ ಇಲ್ಲ.
ನಲವತ್ತೆಂಟು ಯಾವಾಗಲೋ ದಾಟಿದೆ.
ಅದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.
ನನ್ನನ್ನು ಕೇಳುವವರು ಯಾರು?
ಲಗಮಪ್ಪ ತಿರುಗಿ ನೋಡಿದ,
ಉಂಡು ಬಂದಿಯೇನು ಅನ್ನುವ ಹಾಗೆ.

ಮೂರಕ್ಕೆ ಶೆಡ್ಡಿಗೆ ಮರಳಿದೆ.
ಯಂತ್ರಕ್ಕೆ ಹಲಗೆಯ ಪೆಟ್ಟಿಗೆ ಹೊಡೆಯುತ್ತಿದ್ದರು,
ಹಡಗಿಗೆ ಹೋಗುವ ಸರಕು, ಕಾಗದ ಪತ್ರ ಎಲ್ಲ ಸರಿ ಇದ್ದದ್ದು.
‘ಸ್ವಚ್ಛ’ ಎಂಬ ಕಡೆ ನನ್ನ ಸಹಿ ಬೇಕಿತ್ತು.
ಅರವತ್ತೇಳನೆಯ ಸೂಜಿಯ ಬಾಯಲ್ಲಿ
ಒಂದು ಇರುವೆ.

ಊದಿದೆ. ಒರೆಸಿದೆ.
ಸಹಿಗೆ ಮೊದಲು ಬೆರಳು ನಾಲಗೆಗಿಟ್ಟೆ.
ಬೆಲ್ಲ ಇನ್ನೂ
ಕಬ್ಬಿನ ವಾಸನೆ ಬಿಟ್ಟಿರಲಿಲ್ಲ.