ಎಲೆ ಹಾಕುವ ಮುನ್ನ

ಲಿಂಗರಾಜಪುರದ ಮೇಲ್ಸೇತುವೆಗೆ ಮುಖಮಾಡಿದ ಕೋಣೆ.
ಒಂದೊಂದು ಬಸ್ಸಿಗೂ ಕಿಟಕಿಯ ಗಾಜು ನಡುಗುತ್ತದೆ.
ಇಪ್ಪತ್ತಾರು ವರ್ಷ ಕ್ಯಾಶ್ ಕೌಂಟರಿನಲ್ಲಿ ಸವೆದ ಬೆರಳು
ಟ್ಯಾರೋದ ಎಪ್ಪತ್ತೆಂಟು ಎಲೆಗಳನ್ನೂ ನೋಟಿನಂತೆ ಎಣಿಸುತ್ತದೆ,
ಒದ್ದೆ ಸ್ಪಂಜು ಹುಡುಕುತ್ತದೆ.

‘ಎಣಿಸಬೇಡ, ಕಲಸು’ ಎಂದರು ಫಿಲೋಮಿನಾ ಮಿಸ್.

ನನಗೋ ಹತ್ತು ಎಲೆಯ ದೊಡ್ಡ ಹರವೇ ಬೇಕು:
ಹಿಂದಿನದು, ಮುಂದಿನದು,
ತಲೆಯ ಮೇಲಿನದು, ಕಾಲಡಿಯದು.
ಮಿಸ್ ನಕ್ಕರು.
‘ಊಟಕ್ಕೆ ಬಂದವರೆಷ್ಟು ಜನ?
ಅಷ್ಟೇ ಎಲೆ ಹಾಕು.’

ಬಂದದ್ದು ಒಂದೇ ಪ್ರಶ್ನೆ.
ಅದನ್ನೂ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಒಂದು ಎಲೆ ತಿರುಗಿಸಿದೆ.
ಒಂಟಿ ಕಾಲು ಕಟ್ಟಿಸಿಕೊಂಡು
ತಲೆಕೆಳಗಾಗಿ ತೂಗುವವನು.
ಎದುರು ಕೂತ ಮಿಸ್‌ಗೆ ಮಾತ್ರ
ಅವನು ನೆಟ್ಟಗೆ ನಿಂತಿದ್ದಾನೆ.

ಅರ್ಥಕ್ಕೆಂದು ಪುಸ್ತಕಕ್ಕೆ ಕೈ ಚಾಚಿದರೆ
ಅದರ ಮೇಲೆ ಚಹಾ ಲೋಟ ಇಟ್ಟುಬಿಟ್ಟರು.
‘ಅದಿರಲಿ. ಯಾರ ಹಾಗೆ ಕಾಣ್ತಾನೆ?’

ಬಸ್ಸು ಬಂತು, ಹೋಯಿತು.
ಲೆಕ್ಕ ಕಡಿಮೆ ಬಂದ ಒಂದು ಸಂಜೆ
ತಪ್ಪು ತನ್ನದೆಂದು ಸಹಿ ಹಾಕಿದ್ದ
ಅಟೆಂಡರ್ ಕೆಂಚಯ್ಯನ ಹೆಸರು ಹೇಳಿದೆ.

ಗಾಜು ಇನ್ನೂ ನಡುಗುತ್ತಲೇ ಇತ್ತು.