ಎಂಟು ಮೂಲೆ

ಸಿದ್ದಾಪುರದಲ್ಲಿ, ಕರಿಮೆಣಸಿನ ಮಂಡಿಯ ಮೇಲಿನ ಕೋಣೆ.
ಕೆಳಗೆ ತಕ್ಕಡಿ ಕಿರುಗುಡುತ್ತದೆ,
ಮೇಲೆ ನಾನು ಆನೆಗಳಿಗೆ ಪೆಟ್ಟಿಗೆ ಕಟ್ಟುತ್ತೇನೆ.
ಚಿತ್ರವೊಂದಕ್ಕೆ ಎರಡೂವರೆ ರೂಪಾಯಿ.

ಮೊದಲ ವರ್ಷ ನಾಲ್ಕೇ ಮೂಲೆ ಸಾಕಿತ್ತು.
ಸಿಲ್ವರ್ ಓಕಿಗೆ ಬಿಗಿದ ಕ್ಯಾಮೆರಾ
ಕಂಡದ್ದನ್ನೆಲ್ಲ ಹಪ್ಪಳದ ಹಾಗೆ ಲಟ್ಟಿಸಿ ಕಳಿಸುತ್ತಿತ್ತು.
ಬಳ್ಳಿ ಹೊದ್ದ ಮರ ಆನೆಕಾಲಾಗಿ,
ಹೊಳೆದಂಡೆಯ ಬಂಡೆ ಬೆನ್ನಾಗಿ
ಯಂತ್ರ ಹತ್ತು ಸಲ ಸೈರನ್ ಕೂಗಿ
ಲೈನ್‌ಮನೆಯವರ ನಿದ್ದೆ ಕೆಡಿಸಿತು.
ಹನ್ನೊಂದನೆಯ ಸಲ ನಿಜದ ಆನೆ ಬಂದಾಗ
ಯಾರೂ ಏಳಲಿಲ್ಲ.
ಜಮೀಲಾಳ ಅಡುಗೆಮನೆ ಗೋಡೆ ಹೋಯಿತು.
ಪುಣ್ಯಕ್ಕೆ ಅಷ್ಟೇ.

ಈಗ ಆಳ ಬೇಕಂತೆ.
ಎಷ್ಟು ದೂರ, ಎಷ್ಟು ಎತ್ತರ, ಮುಖ ಯಾವ ಕಡೆ:
ಪೆಟ್ಟಿಗೆಗೆ ಎಂಟು ಮೂಲೆ.
ಹೆಚ್ಚೆಂದರೆ ಏಳು ಕಾಣುತ್ತವೆ,
ಎಂಟನೆಯದು ಯಾವಾಗಲೂ
ಆನೆಯ ಆಚೆ.

ಅಳತೆ ಹೇಳಿಕೊಡಲು ಯರವರ ಬೊಳಕ ಬಂದ,
ಸೊಂಟದಲ್ಲಿ ಒಂದು ಸುತ್ತು ನಾರಿನ ಹಗ್ಗ.
ಕೆಸರಲ್ಲಿ ಮೂಡಿದ ಮುಂಗಾಲ ಗುರುತಿನ ಸುತ್ತ
ಅದನ್ನು ಬಳಸಿ ಹಾಸಿ, ಗಂಟು ಹಾಕಿ,
"ಇದರ ಎರಡರಷ್ಟು ಹೆಗಲು" ಅಂದ.
ಕ್ಯಾಮೆರಾದ ಲೆಕ್ಕಕ್ಕೂ ಹಗ್ಗದ ಲೆಕ್ಕಕ್ಕೂ
ಮೂರು ಬೆರಳ ಅಂತರ.
ತಪ್ಪು ಯಾರದೆಂದು ಎಂಜಿನಿಯರು ಕೇಳಲಿಲ್ಲ.

ಆಮೇಲೆ ಆ ಚಿತ್ರ.
ಜೂನ್ ಹದಿನೇಳು, ರಾತ್ರಿ ಮೂರು ಹತ್ತು,
ಹಲಸಿನ ಮರದಡಿ ಒಂಟಿ ಹೆಣ್ಣಾನೆ.
ಪೆಟ್ಟಿಗೆ ಮುಗಿಸಿ ಮುಂದಕ್ಕೆ ಒತ್ತಬೇಕು, ಬೊಳಕ
"ತಡಿ, ಇನ್ನೊಂದಿದೆ" ಅಂದ.
ಎಲ್ಲಿ?
"ಅವಳ ಹಿಂದೆ. ಹಿಂಗಾಲು ನೋಡು,
ಬಾಯಲ್ಲಿ ಹಣ್ಣಿದ್ದರೂ ಊರಿಯೇ ಇಲ್ಲ ಪೂರ್ತಿ.
ಏನನ್ನೋ ತುಳಿಯದ ಹಾಗೆ ನಿಂತಿದ್ದಾಳೆ."

ನೋಡಿದೆ. ಕಾಲಿತ್ತು.
ಕಾಫಿಯೆಲೆ ಇತ್ತು, ಕತ್ತಲಿತ್ತು.
ಮರಿ ಒಂದು ಪಿಕ್ಸೆಲ್ಲಿನಷ್ಟೂ ಇರಲಿಲ್ಲ.

ಆದರೂ ಎಳೆದೆ,
ತಾಯಿಯ ಮರೆಯಲ್ಲಿ, ಮೂರಡಿ ಎತ್ತರದ,
ಎಂಟಕ್ಕೆ ಎಂಟೂ ಮೂಲೆ ಕಾಣದ
ಒಂದು ಪೆಟ್ಟಿಗೆ.

ಸಂಜೆ ಕೆಂಪಕ್ಷರದಲ್ಲಿ ಮರಳಿ ಬಂತು:
ವಸ್ತು ಇಲ್ಲ. ಅಳಿಸಿ.
ಎರಡೂವರೆ ರೂಪಾಯಿ ಮುರಿದುಕೊಂಡಿದ್ದರು.

ಇನ್ನೂ ಅಳಿಸಿಲ್ಲ.
ಕೆಳಗೆ ಮಂಡಿಯ ಷಟರ್ ಎಳೆಯುವ ಸದ್ದು.
ಮನೆಯ ದಾರಿ ತೋಟದ ನಡುವೆ,
ಟಾರ್ಚು ಬಿದ್ದಷ್ಟೇ ಲೋಕ, ಅದೂ ಚಪ್ಪಟೆ.
ಮೊದಲ ಬಂಡೆಯ ಹತ್ತಿರ ನಿಲ್ಲುತ್ತೇನೆ.
ಬಂಡೆಯೇ ಅದು, ಗೊತ್ತು,
ದಿನಾ ನೋಡಿದ್ದು.
ಆದರೂ ಅದರ ಆಚೆ ಬದಿಗೆ
ಮೂರಡಿ ಜಾಗ ಬಿಟ್ಟು
ಸುತ್ತು ಹಾಕಿ ನಡೆಯುತ್ತೇನೆ.